ಮೊದಲ ಟ್ರ್ಯಾಕ್ ಡೇ: ಸ್ಟಾಕ್ ಸ್ವಿಫ್ಟ್, ಮೂರು ವಾರ ಟೈಮ್ ಇದೆ, ಏನೇನು ಮಾಡಿಸಲಿ?

#1 ಕೆಂಗೇರಿ_ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದ್ಕೊಂಡಿದ್ದೆ, ಇವತ್ತು ಮೊದಲನೇ ಸಲ ಬಾಯಿ ಬಿಡ್ತಿದೀನಿ. ಇನ್ನು ಮೂರು ವಾರಕ್ಕೆ ಭಾನುವಾರ ಎಂಎಂಆರ್‌ಟಿಯಲ್ಲಿ (ಚೆನ್ನೈ ಹತ್ರದ ರೇಸ್ ಟ್ರ್ಯಾಕ್) ಟ್ರ್ಯಾಕ್ ಡೇ, ಅಂದ್ರೆ ನಮ್ಮ ಗಾಡೀನೇ ರೇಸ್ ಟ್ರ್ಯಾಕಲ್ಲಿ ಓಡಿಸೋ ದಿನ. ಆಫೀಸಿನ ಇಬ್ಬರು ಹೊರಟಿದ್ರು, ಅವರ ಹಿಂದೆ ನಾನೂ ದುಡ್ಡು ಕಟ್ಟಿಬಿಟ್ಟೆ. ಕಟ್ಟಿದ ಮೇಲೆ ಭಯ ಶುರುವಾಗಿದೆ.

ಗಾಡಿ 2018ರ ಸ್ವಿಫ್ಟ್, ಪೆಟ್ರೋಲ್, ಮ್ಯಾನುವಲ್, 61 ಸಾವಿರ ಕಿ.ಮೀ. ಓಡಿದೆ. ಎಲ್ಲಾ ಸ್ಟಾಕ್, ಕಂಪನಿ ಕೊಟ್ಟ ಹಾಗೇ ಇದೆ. ಟಯರ್ 185/65, ಎರಡು ವರ್ಷ ಹಳೇದು. ಇದೇ ಗಾಡೀಲಿ ಸೋಮವಾರ ಆಫೀಸಿಗೆ ಹೋಗ್ಬೇಕು, ಅದರ ಮುಂದಿನ ವಾರ ಅಪ್ಪ ಅಮ್ಮನ್ನ ಹಾಸನಕ್ಕೆ ಕರ್ಕೊಂಡು ಹೋಗ್ಬೇಕು. ಅಂದ್ರೆ ಹೇಗೆ ಹೋಯ್ತೋ ಹಾಗೇ ವಾಪಸ್ ಬರ್ಬೇಕು.

ಕೈಯಲ್ಲಿ ನಲವತ್ತು ಸಾವಿರ ಇದೆ. ಎಕ್ಸಾಸ್ಟ್, ಏರ್ ಫಿಲ್ಟರ್, ಗಾಡಿ ತಗ್ಗಿಸೋ ಲೋವರಿಂಗ್ ಸ್ಪ್ರಿಂಗ್, ಇಷ್ಟು ಮಾಡಿಸೋಣ ಅಂತ ಲೆಕ್ಕ ಹಾಕಿದೀನಿ. ಸರಿನಾ?

#2 ಹುಬ್ಬಳ್ಳಿ_ಟರ್ಬೊ

ಎಕ್ಸಾಸ್ಟ್ ಹಾಕಸ್ರಿ. ಗಾಡಿ ಫಾಸ್ಟ್ ಆಗಂಗಿಲ್ಲ ಖರೆ, ಆದ್ರ ನೀವು ಬರೋದು ಎಲ್ಲಾರಿಗೂ ಮೊದಲ ಗೊತ್ತಾಗ್ತೈತಿ, ದಾರಿ ಬಿಡ್ತಾರ.

#3 ಗ್ರೀಸ್‌ಕೈ

ಹುಬ್ಬಳ್ಳಿಯವರು ತಮಾಷೆ ಮಾಡ್ತಿದಾರೆ, ನಂಬಬೇಡಿ.

ಕೆಂಗೇರಿ ಅವರೇ, ನಿಮ್ಮ ಪಟ್ಟಿಯಲ್ಲಿರೋ ಮೂರೂ ಬೇಡ. ಒಂದೂ ಬೇಡ. ಪಟ್ಟಿಯಲ್ಲಿ ಇಲ್ಲದ್ದು ಒಂದಿದೆ, ಅದು ಬೇಕು: ಬ್ರೇಕ್ ಆಯಿಲ್. ಅದಾದ ಮೇಲೆ ಬ್ರೇಕ್ ಪ್ಯಾಡ್, ಅದಾದ ಮೇಲೆ ಟಯರ್. ಎಂಜಿನ್ ಕೊನೇಲಿ ಬರುತ್ತೆ, ಅಲ್ಲೂ ಆಯಿಲ್ ಲೆವೆಲ್ ಮ್ಯಾಕ್ಸ್ ಗೆರೆಗೆ ತಂದು ಕೂಲಂಟ್ ನೋಡ್ಕೊಂಡ್ರೆ ಮುಗೀತು.

ಯಾಕೆ ಅಂತ ಹೇಳ್ತೀನಿ. ನಿಮ್ಮ ಗಾಡಿ, ನೀವು, ಅರ್ಧ ಟ್ಯಾಂಕ್ ಪೆಟ್ರೋಲ್ ಸೇರಿ 950 ಕೆ.ಜಿ. ಅಂತಿಟ್ಕೊಳ್ಳಿ. 140ರಲ್ಲಿ ಬಂದು 60ಕ್ಕೆ ಬ್ರೇಕ್ ಹಾಕಿದ್ರೆ ಹತ್ತಿರಹತ್ತಿರ 5.9 ಲಕ್ಷ ಜೌಲ್ ಶಾಖವಾಗಿ ಹೊರಗೆ ಹೋಗ್ಬೇಕು. ಜೌಲ್ ಅಂದ್ರೆ ನನಗೂ ಅರ್ಥ ಆಗಲ್ಲ, ಅದಕ್ಕೆ ಹೀಗೆ ಲೆಕ್ಕ ಹಾಕಿ: ಒಂದೂ ಮುಕ್ಕಾಲು ಲೀಟರ್ ತಣ್ಣೀರನ್ನ ಕುದಿಯೋ ಹಂತಕ್ಕೆ ತರೋಷ್ಟು ಬಿಸಿ. ಗಾಳಿ, ಎಂಜಿನ್ ಸ್ವಲ್ಪ ಪಾಲು ತಗೊಳ್ಳುತ್ತೆ, ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಮುಂದಿನ ಎರಡು ಡಿಸ್ಕ್‌ಗೇ. ಅದೂ ಮೂರು ನಾಲ್ಕು ಸೆಕೆಂಡ್‌ನಲ್ಲಿ. ಮೈಸೂರು ರೋಡಲ್ಲಿ ಹಾಗೆ ಒಂದು ಸಲ ಬ್ರೇಕ್ ಹಾಕಿದ್ರೆ ಆಮೇಲೆ ಹತ್ತು ನಿಮಿಷ ಎದೆ ಹೊಡ್ಕೊಳ್ಳುತ್ತೆ, ಅಷ್ಟರಲ್ಲಿ ಡಿಸ್ಕ್ ತಣ್ಣಗಾಗಿರುತ್ತೆ. ಟ್ರ್ಯಾಕಲ್ಲಿ ಅರ್ಧ ನಿಮಿಷಕ್ಕೆ ಮತ್ತೆ ಹಾಕ್ತೀರಾ, ಹದಿನೈದು ನಿಮಿಷ ಬಿಡುವಿಲ್ಲದೆ.

ಈ ಬಿಸಿ ಪ್ಯಾಡ್ ದಾಟಿ, ಪಿಸ್ಟನ್ ದಾಟಿ, ಪ್ಯಾಡನ್ನ ಡಿಸ್ಕ್‌ಗೆ ಒತ್ತೋ ಕ್ಯಾಲಿಪರ್ ಒಳಗಿರೋ ಆಯಿಲ್‌ಗೆ ತಲುಪುತ್ತೆ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ಅದರ ಗುಣವೇ ಅದು. ಡಾಟ್ ಅನ್ನೋದು ಈ ಆಯಿಲ್‌ನ ಗ್ರೇಡ್. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಆಯಿಲ್ ಕುದಿದ್ರೆ ಪೈಪಲ್ಲಿ ಗುಳ್ಳೆ. ಗುಳ್ಳೆ ಒತ್ತಿದ್ರೆ ಅಮುಕುತ್ತೆ, ಆಯಿಲ್ ಅಮುಕಲ್ಲ. ನೀವು ಪೆಡಲ್ ಒತ್ತಿದ್ದು ನೆಲಕ್ಕೆ ಮುಟ್ಟುತ್ತೆ, ಗಾಡಿ ಹೋಗ್ತಾನೇ ಇರುತ್ತೆ.

ಬೇಕಾದ್ದು: ಒಳ್ಳೇ ಡಾಟ್ 4 ಅಥವಾ 5.1 ಒಂದು ಲೀಟರ್, ಸೀಲ್ ಒಡೆಯದ ಡಬ್ಬ. ಡಾಟ್ 5 ತರಬೇಡಿ. ನಂಬರ್ ನೋಡಿದ್ರೆ ಅಣ್ಣ ತಮ್ಮ ಅನ್ಸುತ್ತೆ, ಆದ್ರೆ ಅದು ಸಿಲಿಕೋನ್, ಇವುಗಳ ಜೊತೆ ಬೆರೆಯಲ್ಲ.

#4 ಕೆಂಗೇರಿ_ಸ್ವಿಫ್ಟ್

ಸರ್, ಬ್ರೇಕ್ ಆಯಿಲ್ ನಾಲ್ಕು ತಿಂಗಳ ಹಿಂದೆ ಸರ್ವೀಸ್‌ನಲ್ಲಿ ಚೇಂಜ್ ಮಾಡಿಸಿದೀನಿ. ಬಿಲ್ಲಲ್ಲೂ ಇದೆ. ಬಾನೆಟ್ ಕೆಳಗಿರೋ ಆಯಿಲ್ ಡಬ್ಬೀಲಿ ನೋಡಿದ್ರೆ ಹೊಂಬಣ್ಣ, ಕ್ಲಿಯರ್ ಆಗಿದೆ. ಆದ್ರೂ ಬೇಕಾ?

#5 ಗ್ರೀಸ್‌ಕೈ

ಡಬ್ಬೀಲಿ ಕಾಣೋದು ಡಬ್ಬಿ ಕಥೆ. ಕ್ಯಾಲಿಪರ್ ಹತ್ರ ಆಯಿಲ್ ಹೊರಗೆ ಬಿಡೋ ಬ್ಲೀಡರ್ ನಿಪ್ಪಲ್ ಬಿಚ್ಚಿ, ಅಲ್ಲಿಂದ ಏನು ಬರುತ್ತೆ ನೋಡಿ ಹೇಳಿ.

#6 ಕುಡ್ಲ_ಪೋಲೋ

ಗ್ರೀಸ್‌ಕೈ ಅವರು ಹೇಳಿದ್ದು ಸರಿ ಉಂಟು. ಜೊತೆಗೆ ಪ್ಯಾಡ್ ವಿಷಯ ನಾನು ಹೇಳ್ತೇನೆ, ಯಾಕಂದ್ರೆ ನನ್ನ ಮೊದಲ ಟ್ರ್ಯಾಕ್ ಡೇಯಲ್ಲಿ ಪೆಟ್ಟು ತಿಂದದ್ದು ಅಲ್ಲೇ.

ಬ್ರೇಕ್ ಎರಡು ತರ ಕೈ ಕೊಡ್ತದೆ ಮಾರಾಯ್ರೆ, ಎರಡಕ್ಕೂ ಗುರುತು ಬೇರೆ. ಪೆಡಲ್ ಮೆತ್ತಗಾಗಿ ಒಳಗೆ ಹೋದ್ರೆ ಆಯಿಲ್ ಕುದಿದದ್ದು. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಉಂಟು, ಎಷ್ಟು ಮೆಟ್ಟಿದ್ರೂ ಗಾಡಿ ನಿಲ್ಲುದಿಲ್ಲ ಅಂತಾದ್ರೆ ಪ್ಯಾಡ್ ಕಾದದ್ದು. ಎರಡನೆಯದ್ದರಲ್ಲಿ ವಾಸನೆ ಸಹ ಬರ್ತದೆ, ಕ್ಲಚ್ ಸುಟ್ಟ ಹಾಗೆ. ನಾನು ಅದನ್ನು ಬೇರೆ ಯಾರದ್ದೋ ಗಾಡಿಯ ವಾಸನೆ ಅಂತ ಎಣಿಸಿ ಇನ್ನೊಂದು ಲ್ಯಾಪ್ ಹೋದೆ. ಹುಲ್ಲಿನ ಮೇಲೆ ಹೋಗಿ ನಿಂತದ್ದು.

ನಿಮ್ಮ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ರೆ ಹೊಸತು ಹಾಕ್ಸಿ. ದಪ್ಪ ಉಂಟಾದ್ರೆ ಪಿಸ್ಟನ್‌ಗೆ ಬಿಸಿ ಮುಟ್ಟಲಿಕ್ಕೆ ತಡ ಆಗ್ತದೆ. ಹೊಸ ಪ್ಯಾಡ್ ಹಾಕಿ ಸೀದಾ ಟ್ರ್ಯಾಕ್‌ಗೆ ಹೋಗ್ಬೇಡಿ. ಖಾಲಿ ರಸ್ತೆ ನೋಡಿ 80ರಿಂದ 20ಕ್ಕೆ ಎಂಟು ಹತ್ತು ಸಲ ಬ್ರೇಕ್ ಹಾಕಿ, ಪೂರ್ತಿ ನಿಲ್ಲಿಸ್ಬೇಡಿ, ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಿ. ರೇಸ್ ಪ್ಯಾಡ್ ಬೇಡವೇ ಬೇಡ, ಅದು ತಣ್ಣಗಿರುವಾಗ ಹಿಡಿಯುದಿಲ್ಲ. ಸೋಮವಾರ ಬೆಳಿಗ್ಗೆ ಸಿಗ್ನಲ್‌ನಲ್ಲಿ ಎದುರಿನವನಿಗೆ ಕುಟ್ಟಿಬಿಡ್ತೀರಿ.

#7 ಹೆಚ್‌ಪಿ_ಹುಚ್ಚ

ಎಲ್ಲಾ ಅಂಕಲ್‌ಗಳ ತರ ಮಾತಾಡ್ತಿದೀರಾ. 83 ಪಿಎಸ್ ಪವರ್ ಗಾಡೀಲಿ ಟ್ರ್ಯಾಕ್‌ಗೆ ಹೋಗಿ ಏನ್ ಮಾಡೋದು? ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಾಯಿಸಿ ರೀಮ್ಯಾಪ್ ಮಾಡ್ಸು ಗುರು. ಮಜಾ ಬರ್ಬೇಕು ಅಂದ್ರೆ ಪವರ್ ಬೇಕು.

#8 ಗ್ರೀಸ್‌ಕೈ

ಟರ್ಬೊ ಇಲ್ಲದ 1.2 ಎಂಜಿನ್‌ಗೆ ರೀಮ್ಯಾಪ್ ಮಾಡಿದ್ರೆ ಸಿಗೋದು ಬೆರಳೆಣಿಕೆಯಷ್ಟು ಕುದುರೆ. ಸ್ಟೆಪ್ನಿ, ಜಾಕ್, ಹಿಂದಿನ ಸೀಟಿನ ಮೇಲಿರೋ ಸಾಮಾನು ಇಳಿಸಿದ್ರೆ ಇಪ್ಪತ್ತು ಇಪ್ಪತ್ತೈದು ಕೆ.ಜಿ. ಪುಕ್ಕಟೆ ಹೋಗುತ್ತೆ. ಕಮ್ಮಿ ಪವರ್ ಗಾಡಿ ಕಲಿಯೋಕೆ ವಾಸಿ, ತಪ್ಪು ಮಾಡಿದ್ರೂ ಅದಕ್ಕೆ ಬೀಳೋ ಏಟು ಸಣ್ಣದು.

#9 ಹಳೇ_ಪದ್ಮಿನಿ

ಅಂಕಲ್ ಅಂದ್ರಲ್ಲ, ಅಂಕಲ್ ಬಂದೆ.

ನಾನು ಟ್ರ್ಯಾಕ್‌ನಲ್ಲಿ ಓಡಿಸಿದವನಲ್ಲ, ನೋಡಿದವನು. ಎಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಶೋಲಾವರಂಗೆ ಹೋಗುತ್ತಿದ್ದೆವು. ಅದು ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ಪು, ರೇಸಿಗೆಂದೇ ಕಟ್ಟಿದ್ದಲ್ಲ. ಬಿಸಿಲಲ್ಲಿ ನಿಂತರೆ ಸಂಜೆಗೆ ಮುಖ ಸುಟ್ಟ ಬದನೆಕಾಯಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಟ್ರ್ಯಾಕ್ ಮಾಡಿದ್ದು ಆಮೇಲೆ, 1990ರಲ್ಲಿ. 3.717 ಕಿ.ಮೀ., 12 ತಿರುವು. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಅಂತ ಬೋರ್ಡು, ಎಲ್ಲರ ಬಾಯಲ್ಲಿ ಮಾತ್ರ ಎಂಎಂಆರ್‌ಟಿನೇ. ನಮ್ಮ ರಾಜ್ಯದ ಹುಡುಗರಿಗೆ ಅದು, ಇಲ್ಲದಿದ್ದರೆ ಕೊಯಮತ್ತೂರಿನ ಚೆಟ್ಟಿಪಾಳ್ಯದ ಕರಿ ಸ್ಪೀಡ್‌ವೇ, 2.1 ಕಿ.ಮೀ. ಎರಡಕ್ಕೂ ಗಡಿ ದಾಟಬೇಕು. ಇಲ್ಲಿ ಇಷ್ಟು ಗಾಡಿ, ಇಷ್ಟು ಹುಚ್ಚು ಇಟ್ಟುಕೊಂಡು ಒಂದು ಟ್ರ್ಯಾಕಿಗೆ ನೆರೆಮನೆ ಬಾಗಿಲು ಬಡಿಯುವುದು ನನಗೆ ಇವತ್ತಿಗೂ ಹೊಟ್ಟೆ ಉರಿ.

ಕೆಂಗೇರಿಯ ತಮ್ಮ, ನನ್ನದು ಒಂದೇ ಮಾತು. ಇನ್ಶೂರೆನ್ಸ್ ಪಾಲಿಸಿ ತೆಗೆದು 'ಬಳಕೆಯ ಮಿತಿ' ಎಂಬ ಭಾಗ ಓದು. ಆರ್ಗನೈಸ್ಡ್ ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇವೆಲ್ಲ ಹೊರಗೆ ಅಂತ ಇರುತ್ತೆ. 'ನಾನು ರೇಸ್ ಮಾಡ್ಲಿಲ್ಲ, ಪ್ರಾಕ್ಟೀಸ್ ಮಾಡ್ದೆ' ಅಂತ ಸರ್ವೇಯರ್ ಹತ್ತಿರ ವಾದ ಮಾಡಿ ಗೆಲ್ಲೋಣ ಅಂತ ಎಣಿಸಬೇಡ. ಗೋಡೆಗೆ ಹೊಡೆದರೆ ಖರ್ಚು ನಿನ್ನದೇ ಅಂದುಕೊಂಡೇ ಹೊರಡು. ಉಳಿಸಿದ ಎಕ್ಸಾಸ್ಟ್ ದುಡ್ಡು ಕೆಟ್ಟ ಗಾಡಿ ಹೊರುವ ಫ್ಲಾಟ್‌ಬೆಡ್ ಲಾರಿಗೆ ಅಂತ ಎತ್ತಿಡು. ಬೇಕಾಗದಿದ್ದರೆ ವಾಪಸ್ ಬರೋವಾಗ ಆಂಬೂರಲ್ಲಿ ಬಿರಿಯಾನಿ ತಿನ್ನು.

#10 ಕೆಂಗೇರಿ_ಸ್ವಿಫ್ಟ್

ಗ್ರೀಸ್‌ಕೈ ಸರ್, ಶನಿವಾರ ಮಧ್ಯಾಹ್ನ ಬಿಚ್ಚಿದೆ. ನಡೆದಿದ್ದು ನಡೆದ ಹಾಗೇ ಬರೀತೀನಿ.

ಮನೆ ಮುಂದೆ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಎಡ ಚಕ್ರ ತೆಗೆದೆ. ಪೆಡಲ್ ಒತ್ತೋಕೆ ಯಾರೂ ಇರ್ಲಿಲ್ಲ. ಅಪ್ಪ ಪೇಪರ್ ಓದ್ತಿದ್ರು, ಕರೆದೆ. ಪಂಚೆ ಎತ್ತಿ ಕಟ್ಕೊಂಡು ಬಂದು ಡ್ರೈವರ್ ಸೀಟಲ್ಲಿ ಕೂತ್ರು. "ಒತ್ತಿ" ಅಂದ್ರೆ ಒತ್ತಿ ಹಿಡಿಯೋದು, ನಾನು ನಿಪ್ಪಲ್ ಕಾಲು ಸುತ್ತು ತೆರೆದು ಮುಚ್ಚೋದು, "ಬಿಡಿ" ಅಂದ್ರೆ ಬಿಡೋದು. ಇಷ್ಟೇ ಒಪ್ಪಂದ. ಅಪ್ಪ ಮೂವತ್ತು ವರ್ಷ ಸ್ಕೂಲ್ ಮೇಷ್ಟ್ರು, "ಬಿಡಿ" ಅನ್ನೋಕೆ ಮುಂಚೆನೇ ಬಿಟ್ಟು "ಈಗ ಮುಂದೇನು?" ಅಂತ ಕೇಳೋರು. ಗಾಳಿ ಎಳ್ಕೊಂಡು ಮತ್ತೆ ಮೊದಲಿಂದ ಶುರು.

ನಿಪ್ಪಲ್‌ಗೆ ಅಕ್ವೇರಿಯಂ ಪೈಪ್ ಸಿಕ್ಕಿಸಿ ಬಿಸ್ಲೆರಿ ಬಾಟಲಿಗೆ ಬಿಟ್ಟಿದ್ದೆ. ಮೊದಲನೇ ಒತ್ತಿಗೇ ಬಂತು ನೋಡಿ, ಕಷಾಯ. ಹೊಂಬಣ್ಣ ಎಲ್ಲಿ, ಇದೆಲ್ಲಿ! ಒಲೆ ಮೇಲೆ ಬಿಟ್ಟು ಮರೆತ ಡಿಕಾಕ್ಷನ್ ತರ ಕಪ್ಪಗೆ, ಬಾಟಲಿ ತಳದಲ್ಲಿ ಪುಡಿ ಪುಡಿ ಕೂತಿತ್ತು. ಅಪ್ಪ ಇಳಿದು ಬಂದು ಬಗ್ಗಿ ನೋಡಿ "ಇದಕ್ಕೆ ಎಷ್ಟು ಬಿಲ್ ಮಾಡಿದ್ರು?" ಅಂದ್ರು. ನಾನು ಉತ್ತರ ಕೊಡ್ಲಿಲ್ಲ.

ಅಂದ್ರೆ ನಾಲ್ಕು ತಿಂಗಳ ಹಿಂದೆ ಅವರು ಮೇಲಿನ ಡಬ್ಬೀಲಿದ್ದ ಆಯಿಲ್ ಮಾತ್ರ ಹೀರಿ ತೆಗೆದು ಹೊಸದು ತುಂಬಿದಾರೆ, ಅಲ್ವಾ? ಲೈನಲ್ಲಿರೋದು ಗಾಡಿ ತಗೊಂಡಾಗಿನದ್ದೇ. ನಾನು ಬಿಲ್ ಫೈಲ್ ಮಾಡಿ ಇಟ್ಕೊಂಡಿದೀನಿ, ಜಾಣ!

#11 ಗ್ರೀಸ್‌ಕೈ

ಹೌದು, ಅದೇ ಆಗಿರೋದು. ತುಂಬ ಕಡೆ ಹಾಗೇ ಮಾಡ್ತಾರೆ. ಡಬ್ಬಿ ಕಡೆಯಿಂದ ಆಯಿಲ್ ಸುತ್ತು ಹೊಡೆಯಲ್ಲ, ಕ್ಯಾಲಿಪರ್‌ನಿಂದ ಹೊರಗೆ ತೆಗೆಯದೇ ಇದ್ರೆ ಅಲ್ಲಿರೋದು ಅಲ್ಲೇ ಇರುತ್ತೆ. ಬೇಯೋದೂ ಅಲ್ಲೇ.

ನಾಲ್ಕೂ ಚಕ್ರ ಮುಗಿಸಿ. ಡಬ್ಬಿ ಮಿನ್ ಗೆರೆಗಿಂತ ಕೆಳಗೆ ಹೋಗದ ಹಾಗೆ ಆಗಾಗ ತುಂಬ್ತಾ ಇರಿ. ಪೇಂಟ್ ಮೇಲೆ ಬಿದ್ರೆ ಒರೆಸೋದಲ್ಲ, ನೀರು ಸುರಿಯಿರಿ, ಇಲ್ಲಾಂದ್ರೆ ಪೇಂಟ್ ತಿಂದು ಹಾಕುತ್ತೆ. ಚಕ್ರ ಬಿಚ್ಚಿದಾಗ್ಲೇ ಕ್ಯಾಲಿಪರ್‌ನ ಸ್ಲೈಡ್ ಪಿನ್ ಕೈಯಲ್ಲಿ ಅಲ್ಲಾಡುತ್ತಾ ನೋಡಿ. ಜಾಮ್ ಆಗಿದ್ರೆ ಒಂದೇ ಪ್ಯಾಡ್ ಎಲ್ಲಾ ಕೆಲಸ ಮಾಡುತ್ತೆ.

ಬಾಟಲಿ ಎಸೀಬೇಡಿ. ಒಂದು ದಿನ ಅವರ ಕೌಂಟರ್ ಮೇಲೆ ಇಟ್ಟು ಬನ್ನಿ.

#12 ಹುಬ್ಬಳ್ಳಿ_ಟರ್ಬೊ

ಮ್ಯಾಲೆ "ನಿಮ್ಮ ಸೇವೆಯ ಪ್ರಸಾದ" ಅಂತ ಬರದು ಇಡ್ರಿ.

ತಮಾಷೆ ಬಿಡ್ರಿ, ಟಯರ್ ಬಗ್ಗೆ ಯಾರೂ ಮಾತಾಡವಲ್ರು. ನಾ ಹೇಳತೀನಿ: ಹೋಗಿ ಇಳದ ಕೂಡ್ಲೇ ನಾಲ್ಕೂ ಟಯರ್‌ದಾಗ ಗಾಳಿ ಕಡಿಮಿ ಮಾಡ್ರಿ. ಕಾದ ಮ್ಯಾಲೆ ಏರತೈತಿ. 32 ಪಿಎಸ್‌ಐ ಇದ್ದಿದ್ದು 38, 40ಕ್ಕ ಹೋಗತೈತಿ, ಆವಾಗ ಟಯರ್ ಬಲೂನ್ ಆಗಿ ಜಾರತೈತಿ.

#13 ಕುಡ್ಲ_ಪೋಲೋ

ಅದು ಪೂರ್ತಿ ಸರಿಯಲ್ಲ ಮಾರಾಯ್ರೆ. ನೀವು ಹೇಳುದು ಸೈಡ್‌ವಾಲ್, ಅಂದ್ರೆ ಟಯರಿನ ಪಕ್ಕದ ಗೋಡೆ, ಗಟ್ಟಿ ಇರುವ ಟ್ರ್ಯಾಕ್ ಟಯರ್‌ಗೆ. ಇವರದ್ದು 65 ಪ್ರೊಫೈಲ್, ಅಂದ್ರೆ ಆ ಗೋಡೆ ಎತ್ತರ ಉಂಟು, ಮೈಲೇಜ್‌ಗೆ ಮಾಡಿದ ಮೆತ್ತಗಿನ ಟಯರ್. ತಣ್ಣಗಿರುವಾಗಲೇ ಗಾಳಿ ಇಳಿಸಿದ್ರೆ ಮೊದಲ ಎರಡು ಲ್ಯಾಪ್‌ನಲ್ಲಿ ಮುಂದಿನ ಟಯರ್ ಮಗುಚಿ ಅಂಚಿನಲ್ಲಿ ಓಡ್ತದೆ. ಒಂದೇ ದಿನದಲ್ಲಿ ಭುಜ ಬೋಳು.

#14 ಹುಬ್ಬಳ್ಳಿ_ಟರ್ಬೊ

ನಾ ಕರಿ ಟ್ರ್ಯಾಕಿಗೆ ಆರು ಸಲ ಹೋಗೀನ್ರಿ, ಪ್ರತಿ ಸಲ ಇಳಸೀನಿ. ಏನೂ ಆಗಿಲ್ಲ.

#15 ಕುಡ್ಲ_ಪೋಲೋ

ನಿಮ್ಮ ಗಾಡಿಯಲ್ಲಿ ಯಾವ ಟಯರ್ ಉಂಟು?

#16 ಹುಬ್ಬಳ್ಳಿ_ಟರ್ಬೊ

...45 ಪ್ರೊಫೈಲ್. ಆತ್ರಿ, ಸೋತೆ.

#17 ಗ್ರೀಸ್‌ಕೈ

ಜಗಳ ಬಿಡಿಸೋಕೆ ಒಂದು ಸೀಮೆಸುಣ್ಣ ಸಾಕು. ಟಯರಿನ ಅಂಚಿನಿಂದ ಸೈಡ್‌ವಾಲ್‌ವರೆಗೆ ಮೂರು ಕಡೆ ಗೆರೆ ಎಳೀರಿ. ಬಾಗಿಲ ಹತ್ರ ಸ್ಟಿಕ್ಕರ್‌ನಲ್ಲಿರೋ ಪ್ರೆಶರ್‌ಗಿಂತ ಎರಡು ಪಿಎಸ್‌ಐ ಜಾಸ್ತಿ ಹಾಕಿ ಮೊದಲ ಸೆಷನ್ (ಟ್ರ್ಯಾಕಲ್ಲಿ ನಿಮ್ಮ ಒಂದು ಸರದಿ) ಹೋಗಿ ಬನ್ನಿ. ಬಂದ ತಕ್ಷಣ, ಬಿಸಿ ಇರೋವಾಗ್ಲೇ ಗೇಜ್ ಹಾಕಿ ಬರ್ಕೊಳ್ಳಿ, ಗೆರೆ ನೋಡಿ. ಸೈಡ್‌ವಾಲ್ ಮೇಲಿನ ಸುಣ್ಣ ಅಳಿಸಿದ್ರೆ ಗಾಳಿ ಕಮ್ಮಿ. ಟಯರಿನ ಅಂಚಲ್ಲೇ ಸುಣ್ಣ ಉಳಿದಿದ್ರೆ ಜಾಸ್ತಿ, ಒಂದೊಂದೇ ಪಿಎಸ್‌ಐ ಬಿಡಿ. ಎಂಎಂಆರ್‌ಟಿ ಗಡಿಯಾರದ ದಿಕ್ಕಲ್ಲಿ ಸುತ್ತೋ ಟ್ರ್ಯಾಕ್, ಬಲ ತಿರುವು ಜಾಸ್ತಿ, ಆದ್ದರಿಂದ ಮುಂದಿನ ಎಡ ಟಯರ್ ಮೇಲೆ ಕಣ್ಣಿಡಿ. ಸಂಜೆ ಮನೆಗೆ ಹೊರಡೋ ಮುಂಚೆ ಮತ್ತೆ ಗಾಳಿ ತುಂಬಿಸಿ, ಹೈವೇ ಮುನ್ನೂರು ಕಿ.ಮೀ. ಇದೆ.

ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ನೀವು ತಗೊಂಡು ಎರಡು ವರ್ಷ ಆಗಿರಬಹುದು, ಟಯರ್ ಹುಟ್ಟಿ ಎಷ್ಟಾಯ್ತು ಅಂತ ಅಲ್ಲಿ ನೋಡಿ.

#18 ಮೂರನೇ_ಗೇರ್

ನಾನು ಗಾಡಿ ಬಗ್ಗೆ ಹೇಳಲ್ಲ, ಹೇಳೋರು ಇದಾರೆ. ಓಡಿಸೋಳಾಗಿ ಮೂರ್ನಾಲ್ಕು ವಿಷಯ ಹೇಳ್ತೀನಿ. ನಾಲ್ಕು ಟ್ರ್ಯಾಕ್ ಡೇ ಆಗಿದೆ ನಂದು.

ಗಾಡಿ ಒಳಗೆ ಅಲ್ಲಾಡೋದು ಏನೂ ಇರಬಾರದು. "ಏನೂ ಇಲ್ಲ" ಅಂತ ಎಲ್ರೂ ಹೇಳ್ತಾರೆ. ನಾನೂ ಹೇಳಿದ್ದೆ. ಸ್ಕ್ರೂಟಿನಿಯಲ್ಲಿ, ಅಂದ್ರೆ ಟ್ರ್ಯಾಕ್‌ಗೆ ಬಿಡೋ ಮುಂಚಿನ ಗಾಡಿ ತಪಾಸಣೆಯಲ್ಲಿ, ನನ್ನ ಸೀಟಿನ ಕೆಳಗಿಂದ ಒಂದು ನಿಂಬೆಹಣ್ಣು ತೆಗೆದು ಕೈಗೆ ಕೊಟ್ರು. ಆಯುಧಪೂಜೆ ದಿನ ದೇವಸ್ಥಾನದಲ್ಲಿ ಕೊಟ್ಟಿದ್ದು, ಡ್ಯಾಶ್‌ಬೋರ್ಡ್ ಮೇಲಿಂದ ಯಾವಾಗ್ಲೋ ಉರುಳಿ ಒಣಗಿ ಗೋಲಿ ತರ ಆಗಿತ್ತು. ಜೋರಾಗಿ ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ಉರುಳಿ ಪೆಡಲ್ ಕೆಳಗೆ ಕೂತಿದ್ರೆ? ಸೀಟಿನ ಕೆಳಗೆ ಕೈ ಹಾಕಿ ನೋಡಿ, ಟಾರ್ಚ್ ಹಿಡಿದು ನೋಡಿ. ಮ್ಯಾಟ್ ತೆಗೀರಿ. ಡ್ಯಾಶ್‌ಬೋರ್ಡ್ ಗಣಪತೀನೂ ಇಳಿಸಿ, ಟೇಪ್ ಬಿಸಿಲಿಗೆ ಮೆತ್ತಗಾಗಿರುತ್ತೆ.

ಹೆಲ್ಮೆಟ್ ಫುಲ್ ಫೇಸ್. ಪೊಲೀಸರಿಗೆ ತೋರಿಸೋಕೆ ಇಟ್ಕೊಂಡಿರೋ ಟೋಪಿ ನಡೆಯಲ್ಲ. ಯಾವ ಸರ್ಟಿಫಿಕೇಟ್ ಇರ್ಬೇಕು ಅಂತ ಆಯೋಜಕರನ್ನೇ ಕೇಳಿ. ಕಾಟನ್ ಫುಲ್ ತೋಳು, ಫುಲ್ ಪ್ಯಾಂಟ್, ತೆಳು ತಳದ ಶೂ. ಹೆಲ್ಮೆಟ್ ಹಾಕ್ಕೊಂಡು ಒಂದು ಸಲ ಮನೆ ಮುಂದೆ ಗಾಡೀಲಿ ಕೂತು ನೋಡಿ, ತಲೆ ಮೇಲೆ ತಾಗುತ್ತೆ. ಸೀಟು ಇಳಿಸಿ, ಬೆನ್ನು ನೆಟ್ಟಗೆ ಮಾಡಿ, ಕೈ ಚಾಚಿದ್ರೆ ಮಣಿಕಟ್ಟು ಸ್ಟೀರಿಂಗ್ ತುದಿ ಮೇಲೆ ಕೂರ್ಬೇಕು.

ಬಾವುಟ ಬಾಯಿಪಾಠ ಮಾಡಿ. ಹಳದಿ ಕಂಡ್ರೆ ನಿಧಾನ, ಓವರ್‌ಟೇಕ್ ಇಲ್ಲ. ಹಳದಿ ಮೇಲೆ ಕೆಂಪು ಪಟ್ಟೆ ಇದ್ರೆ ರಸ್ತೆ ಜಾರುತ್ತೆ. ನೀಲಿ ಅಂದ್ರೆ ಹಿಂದೆ ಜೋರಾಗಿ ಬರ್ತಿದಾರೆ, ಬಿಡಿ. ಕೆಂಪು ಅಂದ್ರೆ ಸೆಷನ್ ನಿಂತಿದೆ. ಕಪ್ಪು ನಿಮಗೇ ತೋರಿಸಿದ್ರೆ ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸೋ ಜಾಗ) ಬನ್ನಿ, ಯಾಕೆ ಅಂತ ಅಲ್ಲಿ ಹೇಳ್ತಾರೆ.

ಇನ್ನೊಂದು, ಎಬಿಎಸ್, ಜೋರಾಗಿ ಬ್ರೇಕ್ ಹಾಕಿದ್ರೂ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ. ನಮ್ಮಲ್ಲಿ ಹತ್ತು ವರ್ಷ ಗಾಡಿ ಓಡಿಸಿರೋರೂ ಬ್ರೇಕ್ ಪೂರ್ತಿ ಒತ್ತಿ ನೋಡಿರಲ್ಲ. ಕಾಲ ಕೆಳಗೆ ಗಡಗಡ ಅಂದ ತಕ್ಷಣ ಹೆದರಿ ಕಾಲು ತೆಗೀತಾರೆ, ತಿರುವು ಮಾತ್ರ ಬರ್ತಾನೇ ಇರುತ್ತೆ. ಹೋಗೋ ಮುಂಚೆ ಖಾಲಿ ಜಾಗದಲ್ಲಿ 50ರಲ್ಲಿ ಹೋಗಿ ಪೂರ್ತಿ ಒತ್ತಿ, ಆ ಗಡಗಡ ಅಭ್ಯಾಸ ಮಾಡ್ಕೊಳ್ಳಿ. ಬ್ರೇಕ್ ನೆಟ್ಟಗಿರೋ ರಸ್ತೇಲಿ ಮುಗಿಸಿ, ಆಮೇಲೆ ತಿರುಗಿಸಿ. ಮೇನ್ ಸ್ಟ್ರೈಟ್ ಆದ ಮೇಲೆ ಬರೋ ಸಿ1, ಅಂದ್ರೆ ಮೊದಲನೇ ತಿರುವು, ಬಲಕ್ಕೆ, ಜೋರಿನದ್ದು, ಮೊದಲ ದಿನ ಅಲ್ಲಿ ಯಾರ ಜೊತೆನೂ ಪಂದ್ಯ ಬೇಡ.

#19 ಹೆಚ್‌ಪಿ_ಹುಚ್ಚ

ಲ್ಯಾಪ್ ಟೈಮರ್ ಆಪ್ ಯಾವುದು ಒಳ್ಳೇದು ಅಂತಾದ್ರೂ ಹೇಳ್ಬೋದಾ, ಇಲ್ಲಾ ಅದೂ ಬೇಡ್ವಾ?

#20 ಮೂರನೇ_ಗೇರ್

ಅದೂ ಬೇಡ. ಮೊದಲ ದಿನ ಫೋನ್ ಪಿಟ್‌ನಲ್ಲಿ.

#21 ಗ್ರೀಸ್‌ಕೈ

ಮರೆತಿದ್ದೆ. ಹ್ಯಾಂಡ್‌ಬ್ರೇಕ್. ಸೆಷನ್ ಮುಗಿಸಿ ಬಂದು ಅಭ್ಯಾಸಬಲದಿಂದ ಎಳೀಬೇಡಿ. ಹಿಂದೆ ಡ್ರಮ್ ಕಾದಿರುತ್ತೆ, ಒಳಗಿನ ಬ್ರೇಕ್ ಶೂ ಒತ್ತಿ ಹಿಡಿದ್ರೆ ಒಂದೇ ಕಡೆ ಬಿಸಿ ನಿಂತು ಡ್ರಮ್ ಆಕಾರ ಕೆಡಬಹುದು. ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಅದೇ ಕಾರಣಕ್ಕೆ ಕೊನೇ ಲ್ಯಾಪ್ ಪೂರ್ತಿ ನಿಧಾನ, ಬ್ರೇಕ್ ಮುಟ್ಟದ ಹಾಗೆ. ವೀಲ್ ನಟ್‌ಗೆ ಟಾರ್ಕ್ ರೆಂಚ್ (ಬಿಗಿ ಅಳೆದು ತಿರುಗಿಸೋ ಪಾನಾ) ತಗೊಂಡು ಹೋಗಿ, ಎಷ್ಟು ಅಂತ ಮ್ಯಾನುವಲ್‌ನಲ್ಲಿದೆ. ಪಂಕ್ಚರ್ ಅಂಗಡಿಯವರು ಪೈಪ್ ಸಿಕ್ಕಿಸಿ ಮೇಲೆ ಹತ್ತಿ ನಿಂತು ತಿರುಗಿಸಿದ್ದು ಲೆಕ್ಕಕ್ಕಿಲ್ಲ.

#22 ಕೆಂಗೇರಿ_ಸ್ವಿಫ್ಟ್

ವಾಪಸ್ ಬಂದೆ. ಗಾಡಿನೂ ಬಂತು. ನಿನ್ನೆ ರಾತ್ರಿ 11ಕ್ಕೆ ಮನೆ, ಇವತ್ತು ಅದರಲ್ಲೇ ಆಫೀಸು.

ಶನಿವಾರ ಮಧ್ಯಾಹ್ನ ಹೊರಟ್ವಿ. ಅಮ್ಮ ಗಣಪತಿ ಇಳಿಸೋಕೆ ಬಿಡ್ಲಿಲ್ಲ. "ಅಷ್ಟು ಜೋರಾಗಿ ಹೋಗೋ ದಿನಾನೇ ಅವನನ್ನ ಇಳಿಸ್ತೀಯಾ?" ಅಂದ್ರು. ಹೊಸೂರು ದಾಟಿದ ಮೇಲೆ ಇಳಿಸಿ ಟವೆಲಲ್ಲಿ ಸುತ್ತಿ ಬ್ಯಾಗಲ್ಲಿಟ್ಟೆ. ಪಿಟ್‌ನಲ್ಲಿ ಟೂಲ್ ಬಾಕ್ಸ್ ಮೇಲೆ ಕೂರಿಸಿದೆ, ಇಡೀ ದಿನ ಅಲ್ಲೇ ಇದ್ದ. ಸೀಟಿನ ಕೆಳಗೆ ನಿಂಬೆಹಣ್ಣು ಇರ್ಲಿಲ್ಲ. ಒಂದು ಚಮಚ, ಮೂರು ಫಾಸ್ಟ್ಯಾಗ್ ರಸೀದಿ, ನನ್ನ ಅಕ್ಕನ ಮಗನ ಒಂದು ಚಪ್ಪಲಿ ಸಿಕ್ತು.

ಮೊದಲ ಸೆಷನ್ ಹದಿನೈದು ನಿಮಿಷದಲ್ಲಿ ನನಗೆ ನೆನಪಿರೋದು ನನ್ನ ಉಸಿರಾಟದ ಸದ್ದು ಮಾತ್ರ. ಎಲ್ಲರೂ ದಾಟಿ ಹೋದ್ರು. ಒಂದು ಹಳೇ ಆಲ್ಟೊ ಕೂಡ, ಅದೂ ತಿರುವಿನ ಹೊರಗಡೆಯಿಂದ! ಆ ಮನುಷ್ಯ ಆಮೇಲೆ ಬಂದು "ತಂಬಿ, ದೂರ ಪಾರು" (ತಮ್ಮ, ದೂರ ನೋಡು) ಅಂತ ತಮಿಳಲ್ಲಿ ಹೇಳಿ ಹೋದ್ರು. ನಾನು ಬಾನೆಟ್ ಮುಂದಿನ ಹತ್ತು ಅಡಿ ನೋಡ್ತಿದ್ದೆ ಅಂತ ಆಗ ಗೊತ್ತಾಯ್ತು. ಎರಡನೇ ಸೆಷನ್‌ನಲ್ಲಿ ತಿರುವು ಶುರುವಾಗೋ ಮುಂಚೆನೇ ಅದರ ಕೊನೆ ಹುಡುಕೋಕೆ ಶುರು ಮಾಡಿದೆ. ಗಾಡಿ ಅದೇ, ಕೈ ಅದೇ, ಆದ್ರೆ ಸ್ಟೀರಿಂಗ್ ಜೊತೆ ಗುದ್ದಾಟ ಅರ್ಧ ಆಯ್ತು.

ಟಯರ್ ಲೆಕ್ಕ: ತಣ್ಣಗೆ 34 ಹಾಕಿದ್ದೆ. ಬಂದು ನೋಡಿದ್ರೆ ಮುಂದಿನ ಎಡ 40, ಮುಂದಿನ ಬಲ 39, ಹಿಂದೆ 36. ಸೀಮೆಸುಣ್ಣ ಅಂಚಿನವರೆಗೆ ಸರಿಯಾಗಿ ಅಳಿಸಿತ್ತು, ಕೆಳಗಿಳಿದಿರ್ಲಿಲ್ಲ. ಮುಂದೆ ಎರಡೆರಡು ಪಿಎಸ್‌ಐ ಬಿಟ್ಟೆ. ಮುಂದಿನ ಸೆಷನ್ ಆದ ಮೇಲೆ ಸೈಡ್‌ವಾಲ್ ಮೇಲಿನ ಸುಣ್ಣನೂ ಅಳಿಸಿತ್ತು. ಮತ್ತೆ ಒಂದು ತುಂಬಿದೆ. ಕುಡ್ಲ ಅವರು ಗೆದ್ರು.

ಊಟ ಆದ ಮೇಲಿನ ಸೆಷನ್‌ನಲ್ಲಿ ಧೈರ್ಯ ಜಾಸ್ತಿ ಆಗಿತ್ತು. ಸ್ಪೀಡೋಮೀಟರಲ್ಲಿ 135 ಕಂಡೆ. ನಾಲ್ಕನೇ ಲ್ಯಾಪ್‌ನಲ್ಲಿ ವಾಸನೆ. ಬ್ರೇಕ್ ಒತ್ತಿದ್ರೆ ಪೆಡಲ್ ಗಟ್ಟಿ ಇದೆ, ಗಾಡಿ ಮಾತ್ರ ಬೇಜಾರಲ್ಲಿ ನಿಂತ ಹಾಗೆ ನಿಲ್ತಿದೆ. ಕುಡ್ಲ ಅವರ #6 ಅಕ್ಷರ ಅಕ್ಷರ ನೆನಪಾಯ್ತು: ಪೆಡಲ್ ಗಟ್ಟಿ, ವಾಸನೆ, ಪ್ಯಾಡ್. ಬಲಗಡೆ ಸಿಗ್ನಲ್ ಹಾಕಿ, ಎಲ್ಲರಿಗೂ ದಾರಿ ಬಿಟ್ಟು ಒಂದೂವರೆ ಲ್ಯಾಪ್ ಮೂರನೇ ಗೇರಲ್ಲಿ ತಿರುಗಾಡಿ ಪಿಟ್‌ಗೆ ಬಂದೆ. ಮುಂದಿನ ಚಕ್ರದಿಂದ ಹೊಗೆ ಬರ್ತಿತ್ತು, ಊದುಬತ್ತಿಯಷ್ಟು. ಅರ್ಧ ಗಂಟೆ ಬಾನೆಟ್ ತೆಗೆದಿಟ್ಟು ಮಜ್ಜಿಗೆ ಕುಡ್ಕೊಂಡು ಕೂತೆ. ಆಮೇಲಿನ ಎರಡು ಸೆಷನ್‌ನಲ್ಲಿ ಮೂರು ಲ್ಯಾಪ್ ಜೋರು, ಒಂದು ಲ್ಯಾಪ್ ನಿಧಾನ. ಮತ್ತೆ ವಾಸನೆ ಬರ್ಲಿಲ್ಲ.

ಆ ಡಿಕಾಕ್ಷನ್ ಆಯಿಲ್ ಇಟ್ಕೊಂಡೇ ಹೋಗಿದ್ರೆ ಪ್ಯಾಡ್ ಜೊತೆ ಪೆಡಲೂ ಹೋಗ್ತಿತ್ತು ಅನ್ಸುತ್ತೆ. ಆ ಸೆಷನ್ ನೆನೆಸ್ಕೊಂಡ್ರೆ ಈಗ್ಲೂ ಅಂಗೈ ಬೆವರುತ್ತೆ.

ಹ್ಯಾಂಡ್‌ಬ್ರೇಕ್‌ಗೆ ಫ್ರೆಂಡ್ ಒಂದು ಕೆಂಪು ಟೇಪ್ ಸುತ್ತಿದ್ದ. ಆದ್ರೂ ಎರಡು ಸಲ ಕೈ ಅಲ್ಲಿಗೇ ಹೋಯ್ತು, ಟೇಪ್ ತಾಗಿ ವಾಪಸ್ ಬಂತು. ಮಧ್ಯಾಹ್ನ ನಟ್ ಚೆಕ್ ಮಾಡಿದಾಗ ಮುಂದಿನ ಎಡ ಚಕ್ರದ್ದು ಒಂದು ಸ್ವಲ್ಪ ತಿರುಗ್ತು.

ಖರ್ಚು: ಬ್ರೇಕ್ ಆಯಿಲ್, ಮುಂದಿನ ಪ್ಯಾಡ್, ಎಂಜಿನ್ ಆಯಿಲ್, ಗೇಜ್, ಹೆಲ್ಮೆಟ್, ಟಾರ್ಕ್ ರೆಂಚ್. ನಲವತ್ತರಲ್ಲಿ ಅರ್ಧಕ್ಕಿಂತ ಜಾಸ್ತಿ ಉಳೀತು. ಪೆಟ್ರೋಲ್ ಮಾತ್ರ ಟ್ರ್ಯಾಕ್ ಮೇಲೆ ಲೀಟರಿಗೆ ಐದು ಕಿ.ಮೀ. ಕುಡೀತು. ಆಂಬೂರಲ್ಲಿ ನಿಲ್ಲಿಸಿದ್ವಿ, ಪದ್ಮಿನಿ ಸರ್.

#23 ಹಳೇ_ಪದ್ಮಿನಿ

ಎರಡು ಪ್ಲೇಟ್ ತಿಂದೆಯೋ ಒಂದೋ?

#24 ಕೆಂಗೇರಿ_ಸ್ವಿಫ್ಟ್

ಎರಡು ಸರ್.

ಗ್ರೀಸ್‌ಕೈ ಸರ್, ಒಂದು ಪ್ರಶ್ನೆ. ಮುಂದಿನ ಎಡ ಟಯರ್‌ನ ಹೊರಗಿನ ಅಂಚು ಬೇರೆ ಮೂರಕ್ಕಿಂತ ಸವೆದಿದೆ. ಹಾಸನಕ್ಕೆ ಹೋಗೋ ಮುಂಚೆ ಏನಾದ್ರೂ ಮಾಡಿಸ್ಬೇಕಾ?

#25 ಗ್ರೀಸ್‌ಕೈ

ಸೈಡಲ್ಲಿ ಬಿರುಕು, ಉಬ್ಬು ಇಲ್ಲ ಅಂತ ಕೈಯಾಡಿಸಿ ನೋಡಿ. ಟಯರಿನ ಗೆರೆ (ಟ್ರೆಡ್) ಚೆನ್ನಾಗಿದ್ರೆ ಹಿಂದು ಮುಂದು ಅದಲು ಬದಲು ಮಾಡ್ಸಿ, ಅಲೈನ್‌ಮೆಂಟ್ ನೋಡ್ಸಿ. ಪ್ಯಾಡ್ ಬಿಚ್ಚಿ ನೋಡಿ, ಮೇಲ್ಮೈ ಗಾಜಿನ ತರ ಹೊಳೀತಿದ್ರೆ ಬದಲಾಯಿಸಿ, ಆಮೇಲೆ ಅಪ್ಪ ಅಮ್ಮನ್ನ ಕೂರಿಸ್ಕೊಳ್ಳಿ. ಬ್ರೇಕ್ ಆಯಿಲ್ ಮುಂದಿನ ಎರಡು ಚಕ್ರದಿಂದ ಸ್ವಲ್ಪ ತೆಗೆದು ಬಣ್ಣ ನೋಡಿ. ಪೆಡಲ್ ಒತ್ತೋಕೆ ಅಪ್ಪಾಜಿ ಇದಾರಾ?

#26 ಕೆಂಗೇರಿ_ಸ್ವಿಫ್ಟ್

ಇದಾರೆ. ಈ ಸಲ ನಿಪ್ಪಲ್ ಅವರು ತಿರುಗಿಸ್ತಾರಂತೆ, ನಾನು ಪೆಡಲ್ ಒತ್ಬೇಕಂತೆ.